ಮಂಡಳಿಯಲ್ಲೊಬ್ಬ ದನದ ಡಾಕ್ಟರು

ನನಗೆ ಸುಸ್ತಾಗಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಓದುವವರು ನನ್ನಿಂದ ಉತ್ಸಾಹವನ್ನೋ ಸ್ಫೂರ್ತಿಯನ್ನೋ ನಿರೀಕ್ಷಿಸಿ ಕೊನೆಗೆ ಬೇಸರಪಟ್ಟುಕೊಂಡಾರು. ಮೂವತ್ತೈದು ವರ್ಷ ಪಶುವೈದ್ಯ ಇಲಾಖೆಯಲ್ಲಿ ಎಮ್ಮೆ, ಎತ್ತು, ಕುರಿಗಳ ಹಿಂದೆ ತಿರುಗಿದಾಗ ಆಗದ ಸುಸ್ತು, ನಿವೃತ್ತಿಯಾದ ಮೇಲೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕೂತು ಆಗಿದೆ. ಕೆಲಸ ಮಾಡಿ ದಣಿದವನಿಗೆ ಮನೆಗೆ ಹೋದ ಮೇಲಾದರೂ ನಿದ್ದೆ ಬರುತ್ತದೆ. ಸಭೆಯಲ್ಲಿ ಕೂತು ದಣಿದವನಿಗೆ ನಿದ್ದೆ ಬರುವುದು ಸಭೆಯಲ್ಲೇ.

ನಾನು ಒಂದು ಸಂಸ್ಥೆಯ ಆಡಳಿತ ಮಂಡಳಿಯ ಸದಸ್ಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಹಳ್ಳಿಯ ಹುಡುಗ ಹುಡುಗಿಯರಿಗೆ ಜಗತ್ತು ಕಂಡ ಹಿರಿಯರೊಬ್ಬರನ್ನು ಜೋಡಿಸಿಕೊಡುವುದು ಸಂಸ್ಥೆಯ ಕೆಲಸ. ಮುಂದೆ ಏನು ಓದಬೇಕು, ಯಾವ ದಾರಿ ಹಿಡಿಯಬೇಕು ಎಂದು ಮಕ್ಕಳು ಕೇಳಬೇಕು, ಹಿರಿಯರು ಹೇಳಬೇಕು. ವಿಚಾರ ಚೆನ್ನಾಗಿದೆ, ಇವತ್ತಿಗೂ ಹಾಗೆಯೇ ಅನ್ನುತ್ತೇನೆ. ನನ್ನನ್ನು ಸೇರಿಸಿಕೊಂಡದ್ದೊಂದೇ ಅದರಲ್ಲಿನ ದೋಷ. ಇಂಡಿಯ ನಿವೃತ್ತ ಹೆಡ್‌ಮಾಸ್ತರಿಣಿ ಶಕುಂತಲಾಬಾಯಿಯವರು ಸಂಸ್ಥೆಯ ಕಾರ್ಯದರ್ಶಿ. ಅವರು ಸಿಂದಗಿಯ ನಮ್ಮ ಮನೆಗೇ ಬಂದು, "ಡಾಕ್ಟರ್ರ, ನೀವು ಸುಮ್ಮ ಹೆಸರಿಗೆ ಇರ್ರಿ. ಏನೂ ಮಾಡೂದು ಬ್ಯಾಡ" ಎಂದರು. ಏನೂ ಮಾಡುವುದು ಬೇಡ ಎಂದರೆ ಯಾರು ಒಲ್ಲೆ ಅನ್ನುತ್ತಾರೆ? ಅಂದಹಾಗೆ ನಾನು ಡಾಕ್ಟರೇನೂ ಅಲ್ಲ, ಜಾನುವಾರು ಪರೀಕ್ಷಕನಾಗಿದ್ದವನು. ಆದರೆ ನಮ್ಮ ಕಡೆ ಕೈಯಲ್ಲಿ ಸೂಜಿ ಹಿಡಿದವರೆಲ್ಲ ಡಾಕ್ಟರೇ. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಹಿತವಾಗಿ ಕೇಳಿಸತೊಡಗಿತು, ಬಿಟ್ಟೆ. ಒಳಗಿನಿಂದ ಚಹಾ ತಂದ ನನ್ನ ಹೆಂಡತಿ ಕಸ್ತೂರಿ ಕಾರ್ಯದರ್ಶಿಯವರಿಗೆ ಧೈರ್ಯ ಹೇಳಿದಳು. "ಹೆಸರಿಗಷ್ಟ ಇರಾಕ ಇವರಿಗೆ ಭಾಳ ಚಲೋ ಬರ್ತೈತ್ರಿ ಬಾಯಾರ. ಮನ್ಯಾಗೂ ಹಂಗ ಇದ್ದಾರ."

ಮಂಡಳಿಯಲ್ಲಿ ನಾವು ಏಳು ಜನ. ಯಾವ ತಾಲೂಕಿಗೂ ಅನ್ಯಾಯವಾಗಬಾರದೆಂದು ತಿಂಗಳಿಗೊಂದು ಊರಿನಲ್ಲಿ ಸಭೆ. ಹೀಗಾಗಿ ತಿಂಗಳಿಗೊಂದು ಶನಿವಾರ ನಾಲ್ಕು ತಾಲೂಕುಗಳಿಗೂ ಸಮನಾಗಿ ಹಂಚಿದ ಧೂಳನ್ನು ಕುಡಿಯುತ್ತೇನೆ. ಒಮ್ಮೆ ನಾವು ಆರು ಜನ ಮುದ್ದೇಬಿಹಾಳಕ್ಕೆ ಹೋಗಿ ಕೂತಿದ್ದೆವು. ಮುದ್ದೇಬಿಹಾಳದವರೇ ಆದ ಅಧ್ಯಕ್ಷರು ಸಭೆ ಇಂಡಿಯಲ್ಲೆಂದು ತಿಳಿದು ಅಲ್ಲಿ ಹೋಗಿ ಕೂತಿದ್ದರು. ಅಧ್ಯಕ್ಷರು ಶಿವಪ್ಪಗೌಡರು, ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾದವರು, ಸಜ್ಜನರು. ಮಾತು ಶುರುವಾಗುವುದು "ಪ್ರಥಮತಃ" ಎಂದು. ದ್ವಿತೀಯ ಎನ್ನುವುದು ಇಷ್ಟು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ. ಸಂಸ್ಥೆಗೆ ಹೆಸರಿಡುವಾಗ 'ಯುವ' ಮೊದಲು ಬರಬೇಕೋ 'ಗ್ರಾಮೀಣ' ಮೊದಲು ಬರಬೇಕೋ ಎಂದು ಮೂರು ಸಭೆ ನಡೆದವು. ಅಷ್ಟರಲ್ಲಿ ಆ ಯುವಕರಲ್ಲಿ ಇಬ್ಬರು ಮದುವೆಯಾದರು.

ಹೆಸರಿಗಷ್ಟೇ ಇರುವ ಸುಖ ಬಹಳ ದಿನ ಉಳಿಯಲಿಲ್ಲ. ಮಂಡಳಿಯವರೇ ಮಾದರಿಯಾಗಬೇಕು, ಪ್ರತಿಯೊಬ್ಬ ಸದಸ್ಯರೂ ಒಬ್ಬರಿಗೆ ಮಾರ್ಗದರ್ಶಕರಾಗಬೇಕು ಎಂದು ಠರಾವಾಯಿತು. ಆಗ ನಾನು ತೂಕಡಿಸುತ್ತಿದ್ದೆ, ತಲೆ ಮುಂದಕ್ಕೆ ಬಾಗಿದ್ದನ್ನು ಒಪ್ಪಿಗೆ ಎಂದು ಬರೆದುಕೊಂಡರು. ನನ್ನ ಪಾಲಿಗೆ ಬಂದವಳು ಬಾಗೇವಾಡಿ ಹತ್ತಿರದ ಇಂಗಳೇಶ್ವರದ ರೇಣುಕಾ. ಪಿಯುಸಿ ವಿಜ್ಞಾನ ಓದುತ್ತಿದ್ದಳು. ಅಪ್ಪ ಬೀರಪ್ಪ ಕುರಿ ಸಾಕುವವನು, ತಾಯಿ ಇಲ್ಲ. ಪ್ರತಿ ರವಿವಾರ ಬೆಳಿಗ್ಗೆ ಅವಳು ಫೋನು ಮಾಡಬೇಕು, ನಾನು ದಾರಿ ತೋರಿಸಬೇಕು. "ಚಲೋ ಓದವಾ" ಎನ್ನುತ್ತಿದ್ದೆ. "ಹೂಂ ರಿ ಸರ್" ಎನ್ನುತ್ತಿದ್ದಳು. ಅಲ್ಲಿಗೆ ನನ್ನ ಮಾರ್ಗದರ್ಶನ ಮುಗಿದು ಇಬ್ಬರೂ ಫೋನು ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದೆವು. ನಾಚಿಕೆಗೆಟ್ಟು ಒಂದು ದಿನ "ಕುರಿ ಹೆಂಗ ಅದಾವು?" ಎಂದೆ. ಅವಳು ಅರ್ಧ ಗಂಟೆ ಹೇಳಿದಳು. ಅಂದಿನಿಂದ ರವಿವಾರ ಸುಸೂತ್ರವಾಗಿ ನಡೆಯಿತು. ವರದಿಯಲ್ಲಿ 'ಭವಿಷ್ಯದ ಕುರಿತು ಚರ್ಚೆ' ಎಂದು ಬರೆಯುತ್ತಿದ್ದೆ.

ಅಂಥ ಒಂದು ರವಿವಾರ ಅವಳು ನಿಜವಾಗಿಯೂ ಭವಿಷ್ಯವನ್ನು ಕೇಳಿಬಿಟ್ಟಳು. "ಸರ್, ನರ್ಸಿಂಗಿಗೆ ಅರ್ಜಿ ಹಾಕಾಕ ನಾಳೆ ಕಡೀ ದಿನಾ ಐತ್ರಿ. ಮೊದಲ ಅಪ್ಪಗ ಕೇಳ್ಲ್ಯೋ, ಅರ್ಜಿ ಹಾಕಿ ಹೇಳ್ಲ್ಯೋ?" ಇದಕ್ಕೆ ಸರಿಯಾದ ಉತ್ತರ ಕೊಡಲು ಅಪ್ಪನ ಸ್ವಭಾವ, ಮಗಳ ಮನಸ್ಸು ಎಲ್ಲ ವಿಚಾರಿಸಬೇಕಿತ್ತು, ಕಡಿಮೆಯೆಂದರೂ ಕಾಲು ಗಂಟೆ ಹಿಡಿಯುತ್ತಿತ್ತು. ಕಸ್ತೂರಿ ಅದೇ ತಾನೇ ಒಗ್ಗರಣೆ ಅವಲಕ್ಕಿ ತಂದು ಮುಂದಿಟ್ಟಿದ್ದಳು. "ಮೊದಲ ಅರ್ಜಿ ಹಾಕಿ ಬಿಡವಾ. ಮನ್ಯಾಗ ಆಮ್ಯಾಲೆ ಹೇಳಿದ್ರಾತು" ಎಂದೆ. ಅವಲಕ್ಕಿಯನ್ನು ಬಿಸಿಬಿಸಿಯಾಗಿಯೇ ತಿಂದೆ.

ಅದಾಗಿ ಕೆಲವು ವಾರಗಳ ಮೇಲೆ ಬಸವನ ಬಾಗೇವಾಡಿಯಲ್ಲಿ ಸಭೆ. ನಾಲ್ಕನೆಯ ವಿಷಯ ಬಂದಿತ್ತು. ಹಿಂದಿನ ತಿಂಗಳು ನಮ್ಮ ಮಾರ್ಗದರ್ಶಕರೊಬ್ಬರು ಹಲಸಂಗಿಯಲ್ಲಿ ಹುಡುಗನೊಬ್ಬನ ಮನೆಗೆ ಹೇಳದೆ ಕೇಳದೆ ಹೋಗಿದ್ದರು. ಆ ಮನೆಯ ನಾಯಿ ಅವರ ಧೋತರದ ಅರ್ಧವನ್ನು ತನ್ನಲ್ಲೇ ಇಟ್ಟುಕೊಂಡಿತ್ತು. ಆದ್ದರಿಂದ ಮಕ್ಕಳ ಮನೆಗೆ ಹೋಗಬಹುದೇ ಕೂಡದೇ ಎಂಬುದು ಚರ್ಚೆ. "ಪ್ರಥಮತಃ, ಮನೆ ಎಂದರೆ ಏನು?" ಎಂದರು ಅಧ್ಯಕ್ಷರು. ಅಂಗಳ ಮನೆಯೋ ಅಲ್ಲವೋ? ಹೊಲದ ಗುಡಿಸಲು? ಕಟ್ಟೆಯ ಮೇಲೆ ಕೂತು ಮಾತಾಡಿದರೆ ಭೇಟಿಯೋ, ಸುಮ್ಮನೆ ಹಾದುಹೋದ ಲೆಕ್ಕವೋ? ಮುಕ್ಕಾಲು ಗಂಟೆ ಕಳೆದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ರೇಣುಕಾ ಕಾಣಿಸಿ ಕೈ ಮಾಡಿ ಕರೆದಳು. ಯಾರಾದರೂ ಸತ್ತ ಸುದ್ದಿ ತಂದಿದ್ದರೂ ಆ ಹೊತ್ತಿಗೆ ನಾನು ಅಷ್ಟೇ ಲವಲವಿಕೆಯಿಂದ ಎದ್ದು ಹೋಗುತ್ತಿದ್ದೆನೇನೋ.

ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಹೇಳಿದಳು. ವಿಜಯಪುರದ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಸೋಮವಾರವೇ ಸೇರಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ತಂದೆಯ ಸಹಿಯಿರುವ ಒಪ್ಪಿಗೆ ಪತ್ರ ಒಯ್ಯಬೇಕು. ಸೀಟಿನ ಸುದ್ದಿ ಹೇಳಿದಾಗಿನಿಂದ, ಅಂದರೆ ನಾಲ್ಕು ದಿನದಿಂದ, ಅಪ್ಪ ಮಾತೇ ಆಡಿಲ್ಲ.

"ಒಲ್ಲೆ ಅಂತಾನೇನು?" ಎಂದೆ.

"ಒಲ್ಲೆ ಅನ್ನೂದಿಲ್ರಿ ಸರ್. ಏನೂ ಅನ್ನೂದಿಲ್ಲ. ಅದಽ ತ್ರಾಸ ಆಗೈತ್ರಿ. ಅವರಿಗೆ ಕೇಳದಽ ಅರ್ಜಿ ಹಾಕೀನಿ ಅಂತ ಸಿಟ್ಟು."

ನಾನು ದನಿ ತಗ್ಗಿಸಿದೆ. "ಹಂಗ ಮಾಡಂತ ಹೇಳಿದವ್ರು ಯಾರಂತ ಕೇಳಿದ್ನೇನು?"

"ಸುದ್ದಿ ಹೇಳಿದ ದಿನ ಕೇಳಿದ್ರು ರಿ. ನಾನಽ ಹಾಕೀನಿ ಅಂದೆ ರಿ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ನೆಲ ನೋಡುತ್ತಾ ಹೇಳಿದಳು, ಅಷ್ಟೇ. ಮೂವತ್ತೈದು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗಳಿಂದ ಬೈಸಿಕೊಂಡಿದ್ದೇನೆ, ಎತ್ತುಗಳಿಂದ ಒದೆಸಿಕೊಂಡಿದ್ದೇನೆ. ಹದಿನೆಂಟು ವರ್ಷದ ಹುಡುಗಿಯೊಬ್ಬಳು ನನ್ನ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಂಡದ್ದು ಅದಕ್ಕಿಂತ ಜೋರಾಗಿ ನೋಯಿಸಿತು.

ಒಳಗೆ ಹೋಗಿ, "ಇಂಗಳೇಶ್ವರಕ್ಕ ಹೋಗಿ ಬರ್ತೇನ್ರಿ, ಹುಡುಗಿ ಮನ್ಯಾಗ ಜರೂರ ಐತಿ" ಎಂದೆ.

ಶಕುಂತಲಾಬಾಯಿ ಕನ್ನಡಕದ ಮೇಲಿಂದ ನೋಡಿದರು. "ಡಾಕ್ಟರ್ರ, ಅದರ ಮ್ಯಾಲನ ಚರ್ಚಾ ನಡದೈತಿ. ಠರಾವು ಆಗೂಮಟ ಯಾರೂ ಯಾರ ಮನಿಗೂ ಹೋಗೂಹಂಗಿಲ್ಲ."

"ಹಂಗಾರ ಒಂದಕ್ಕ ಹೋಗಿ ಬರ್ತೇನ್ರಿ" ಎಂದೆ. ಅದಕ್ಕೆ ಠರಾವು ಬೇಕಿರಲಿಲ್ಲ.

ರೇಣುಕಾ ಯಾರದೋ ಸ್ಕೂಟಿ ಕೇಳಿ ತಂದಿದ್ದಳು. "ಗಟ್ಟಿ ಹಿಡ್ಕೋರಿ ಸರ್" ಎಂದಳು. ಹಿಂದೆ ಕೂತು, ತೊಗರಿ ಹೊಲಗಳು ಹಿಂದಕ್ಕೆ ಓಡುತ್ತಿರುವಾಗ ನಾನು ಭಾಷಣ ತಯಾರಿಸಿದೆ. ಹೆಣ್ಣುಮಕ್ಕಳ ಶಿಕ್ಷಣ, ಸ್ವಾವಲಂಬನೆ, ಸಮಾಜದ ಏಳಿಗೆ. ಒಂದೆರಡು ಕಡೆ "ಪ್ರಥಮತಃ" ಕೂಡ ಸೇರಿಸಿಕೊಂಡೆ. ರಸ್ತೆಯ ಪ್ರತಿ ಗುಂಡಿಗೂ ಒಂದೊಂದು ಅಂಶ ಉದುರಿಹೋಗಿ, ಇಂಗಳೇಶ್ವರ ಮುಟ್ಟಿದಾಗ ಏಳಿಗೆಯೊಂದೇ ಉಳಿದಿತ್ತು.

ಬೀರಪ್ಪ ಊರ ಹೊರಗೆ ಕುರಿ ದಡ್ಡಿಯಲ್ಲಿದ್ದ. ಒಂದು ಕುರಿ ಬೆಳಿಗ್ಗೆಯಿಂದ ಈಯಲಾರದೆ ಒದ್ದಾಡುತ್ತಿತ್ತು. ಅದರ ತಲೆ ಸವರುತ್ತಾ ಕೂತಿದ್ದವನು ನನ್ನನ್ನು ನೋಡಿ "ಬರ್ರಿ" ಎಂದ. ಮಗಳತ್ತ ನೋಡಲಿಲ್ಲ. ನಾನು ತೋಳು ಮಡಚಿದೆ. ಆದರೆ ಒಮ್ಮೆ ಮೊಣಕಾಲೂರಿದರೆ ನನ್ನನ್ನು ಎಬ್ಬಿಸಲು ಇನ್ನೊಬ್ಬ ಡಾಕ್ಟರನ್ನು ಕರೆಯಬೇಕಾಗುತ್ತಿತ್ತು. ನಾನು ಹೀಗೆ ಯೋಚಿಸುತ್ತಿರುವಾಗಲೇ ರೇಣುಕಾ ಕೈ ತೊಳೆದು ಎಣ್ಣೆ ಸವರಿಕೊಂಡು ಕುರಿಯ ಹಿಂದೆ ಕೂತಾಗಿತ್ತು.

"ಒಂದು ಕಾಲು ಹಿಂದಕ್ಕ ಮಡಚಿರಬೇಕು ನೋಡವಾ" ಎಂದೆ, ನನ್ನ ಇರವನ್ನು ತೋರಿಸಲು.

"ಹೌದ್ರಿ, ಸಿಕ್ತು."

ಸ್ವಲ್ಪ ಹೊತ್ತಿನಲ್ಲಿ ಮರಿ ಹೊರಗೆ ಬಂತು. ಅವಳು ಅದರ ಮೂಗು ಒರೆಸಿ, ಎದೆ ತಿಕ್ಕಿ, ಉಸಿರಾಡಿಸಿ ತಾಯಿಯ ಮುಂದಿಟ್ಟಳು. ಮರಿಯ ಜೊತೆ ಬಂದ ನೀರು ನನ್ನ ಅಂಗಿಯ ತುಂಬ ಸಿಡಿದಿತ್ತು, ಆದರೂ ಖುಷಿಯಾಯಿತು. ಇದಕ್ಕಿಂತ ಒಳ್ಳೆಯ ಸಂದರ್ಭ ಎಲ್ಲಿ ಸಿಗಬೇಕು? "ನೋಡಪಾ ಬೀರಪ್ಪ, ಕೈ ನೋಡು ಆಕಿದು! ಇಂಥ ಕೈ ದವಾಖಾನ್ಯಾಗ ಇರಬೇಕು" ಎಂದೆ.

"ಖರೇ ಐತ್ರಿ" ಎಂದ ಬೀರಪ್ಪ. "ಅದಕ್ಕಽ ಕೇಳಾಕತ್ತೇನಿ. ಆ ಕೈ ಅಲ್ಲಿಗೆ ಹೋದ್ರ ನನ್ನ ಕುರಿಗೆ ಯಾರ ಕೈ ಐತ್ರಿ?"

ನನ್ನ ಭಾಷಣ ಅಲ್ಲಿಗೆ ಮುಗಿಯಿತು. ಈ ಪ್ರಶ್ನೆಗೆ ಏಳಿಗೆಯಲ್ಲಿ ಉತ್ತರವಿರಲಿಲ್ಲ. ಹೇಳಲು ನನ್ನ ಹತ್ತಿರ ಒಂದೇ ಮಾತು ಉಳಿದಿತ್ತು. ಅದನ್ನು ಹೇಳದೆ ಹೋಗಬಹುದಿತ್ತು, ಹುಡುಗಿ ಬಾಯಿ ಬಿಡುವವಳಲ್ಲ. ಆದರೆ ಅವಳು ಅಲ್ಲೇ ನಿಂತು ಕೈ ಒರೆಸಿಕೊಳ್ಳುತ್ತಿದ್ದಳು.

"ಬೀರಪ್ಪ, ಅರ್ಜಿ ಹಾಕಂತ ಹೇಳಿದಾಂವ ನಾನು. ಅಪ್ಪಗ ಕೇಳ್ಲೇನ್ರಿ ಅಂತ ಆಕಿ ಕೇಳಿದ್ಲು. ಆಮ್ಯಾಲೆ ಹೇಳಿದ್ರಾತು ಅಂದೆ."

ಅವನು ತಲೆಯೆತ್ತಿದ. "ಯಾಕ್ರಿ?"

ದೊಡ್ಡ ಕಾರಣಗಳನ್ನು ಹೇಳಬಹುದಿತ್ತು. "ಅವಲಕ್ಕಿ ಆರಾಕತ್ತಿತ್ತಪಾ" ಎಂದೆ.

ಬೀರಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನೂ ಕುರಿಯಾಗಿದ್ದರೆ ನನ್ನನ್ನು ಯಾವ ಸಂತೆಗೆ ಹೊಡೆಯಬೇಕೆಂದು ಅಳೆಯುವಂತಿತ್ತು ಆ ನೋಟ. ಆಮೇಲೆ ಮೆಲ್ಲಗೆ ಹೇಳಿದ: "ನನಗ ಓದಾಕ ಬರೂದಿಲ್ಲಂತ ನನ್ನ ಬಿಟ್ಟು ಮಾಡ್ಯಾಳ ಅನ್ಕೊಂಡಿದ್ದೆ ರಿ."

"ಇಲ್ಲಪ್ಪಾ" ಎಂದಳು ರೇಣುಕಾ. ನಾಲ್ಕು ದಿನದ ಮೇಲೆ ಅವರಿಬ್ಬರ ನಡುವಿನ ಮೊದಲ ಮಾತು ಅದು. "ನಿನಗ ಕೇಳಬೇಕಂತಽ ಇದ್ದೆ."

"ಮತ್ತ ಇವರ ಹೆಸರು ಯಾಕ ಹೇಳ್ಲಿಲ್ಲ?"

"ವಯಸ್ಸಾದವ್ರು ಅದಾರಂತ ಬಿಟ್ಟೆ."

ಬೀರಪ್ಪನ ಮೀಸೆ ಅಲುಗಿತು. ನಕ್ಕದ್ದು ನನ್ನನ್ನು ನೋಡಿಯೇ ಆದರೂ ನಾನು ಬೇಸರಿಸಲಿಲ್ಲ. "ಆ ಕಾಗದ ಓದು" ಎಂದ ಮಗಳಿಗೆ. ಅವಳು ಚೀಲದಿಂದ ತೆಗೆದು ಮೊದಲಿನಿಂದ ಓದಿದಳು. ಹಾಸ್ಟೆಲ್ಲಿನ ನಿಯಮ, ರಜೆಯ ನಿಯಮ, ಎಲ್ಲವನ್ನೂ. 'ತಂದೆಯ ಉದ್ಯೋಗ: ಕುರಿ ಸಾಕಣೆ' ಎಂದು ಬಂದಾಗ, "ಮತ್ತೊಮ್ಮೆ ಓದು" ಎಂದ. ಓದಿದಳು.

"ಎಷ್ಟು ಕುರಿ ಅಂತ ಬರದಿಲ್ಲೇನು?"

"ಅದಕ್ಕ ಜಾಗಾ ಇಲ್ಲಪ್ಪಾ ಇದರಾಗ."

"ಬರೀಬೇಕಿತ್ತು" ಎಂದ. ಕೈಯನ್ನು ಧೋತರಕ್ಕೆ ಒರೆಸಿಕೊಂಡು ನನ್ನ ಪೆನ್ನು ತೆಗೆದುಕೊಂಡ. ಹೆಬ್ಬೆಟ್ಟಿನ ಶಾಯಿ ಎಲ್ಲಿಂದ ತರುವುದೆಂದು ನಾನು ಯೋಚಿಸುತ್ತಿದ್ದೆ. ಅವನು ಕಾಗದವನ್ನು ಮಂಡಿಯ ಮೇಲಿಟ್ಟು, ಉಸಿರು ಹಿಡಿದು, ಮೂರು ಅಕ್ಷರ ಬರೆದ. "ಇಕಿ ಎರಡ್ನೇತ್ತೆ ಸಾಲಿ ಕಲಿಯೂವಾಗ ಸಹಿ ಮಾಡೂದು ಕಲಿಸ್ಯಾಳ್ರಿ" ಎಂದ. ನಾನು ಅತ್ತ ತಿರುಗಿ ಮರಿಯನ್ನು ಪರೀಕ್ಷಿಸಿದಂತೆ ಮಾಡಿದೆ. ಹೊರಡುವಾಗ ಕುರಿಗಳ ವಿಷಯವನ್ನೂ ಅವನೇ ಬಗೆಹರಿಸಿದ. "ತಂಗಿ ಮಗಗ ಈ ಕೆಲಸ ಕಲಿಸ್ತೇನ್ರಿ. ಅಲ್ಲೀಮಟ ನೀವು ಬರ್ರಿ ಸಾಹೇಬ್ರ. ಬಗ್ಗಾಕ ಆಗದಿದ್ರ ಕೂತು ಹೇಳಾಕರ ಆಗ್ತೈತಿ."

ಬಾಗೇವಾಡಿಗೆ ಮರಳಿದಾಗ ಸಭೆ ಇನ್ನೂ ನಾಲ್ಕನೆಯ ವಿಷಯದಲ್ಲೇ ಇತ್ತು. ಒಂದಕ್ಕೆಂದು ಹೋದವನು ಎರಡೂವರೆ ತಾಸಿನ ಮೇಲೆ ಒದ್ದೆ ಅಂಗಿಯಲ್ಲಿ ಬಂದು ಕೂತೆ. ಶಿವಪ್ಪಗೌಡರು ನನ್ನತ್ತ ಬಾಗಿ ಕರುಣೆಯಿಂದ, "ಈ ವಯಸ್ಸಿನ್ಯಾಗ ಹಂಗಽ ಆಗ್ತೈತ್ರಿ. ಸುಮ್ಮ ಬಿಡಬ್ಯಾಡ್ರಿ, ಚಲೋ ಡಾಕ್ಟರಿಗೆ ತೋರಸ್ರಿ" ಎಂದರು. ತೋರಿಸುತ್ತೇನೆ ಎಂದೆ. ಆಮೇಲೆ ಠರಾವಾಯಿತು: ಏಳು ದಿನ ಮೊದಲು ಬರವಣಿಗೆಯಲ್ಲಿ ತಿಳಿಸದೆ, ಆ ಮನೆಯಲ್ಲಿ ನಾಯಿ ಇದೆಯೇ ಎಂಬುದನ್ನು ನಮೂದಿಸದೆ, ಯಾರೂ ಮನೆ ಭೇಟಿ ಮಾಡತಕ್ಕದ್ದಲ್ಲ. ಪರವಾಗಿ ಏಳು ಕೈ ಎದ್ದವು. ಏಳನೆಯದು ನನ್ನದು.

ರೇಣುಕಾ ಈಗ ವಿಜಯಪುರದ ಹಾಸ್ಟೆಲ್ಲಿನಲ್ಲಿದ್ದಾಳೆ. ರವಿವಾರದ ಫೋನು ತಪ್ಪಿಲ್ಲ. ಆದರೆ ಈಗ ಪ್ರಶ್ನೆ ಕೇಳುವವಳು ಅವಳೇ. ಬಿಪಿ ಎಷ್ಟಿದೆ, ಗುಳಿಗೆ ತಗೊಂಡಿರೋ ಇಲ್ಲವೋ, ಚಹಾಕ್ಕೆ ಎಷ್ಟು ಚಮಚ ಸಕ್ಕರೆ. ಒಂದು ಚಮಚ ಎಂದರೆ, "ಅಕ್ಕಾರಿಗೆ ಫೋನು ಕೊಡ್ರಿ" ಎನ್ನುತ್ತಾಳೆ. ಕಸ್ತೂರಿ ಅಡಿಗೆಮನೆಯಿಂದ ಓಡಿ ಬಂದು, ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಂಥ ಅವಕಾಶಕ್ಕಾಗಿಯೇ ಕಾದಿದ್ದವಳಂತೆ ಎಲ್ಲವನ್ನೂ ಹೇಳುತ್ತಾಳೆ. ಸಂಜೆ ನಡೆಯಲು ಹೋಗುವಂತಾಗಿದೆ. ಉಪ್ಪಿನಕಾಯಿಯ ಭರಣಿ ಮೇಲಿನ ಹಲಗೆಗೆ ಹೋಗಿದೆ.

ಮೊನ್ನೆ ಸಂಸ್ಥೆಯ ವಾರ್ಷಿಕ ನಮೂನೆ ಬಂತು. 'ಮಾರ್ಗದರ್ಶನದಿಂದ ಕಂಡುಬಂದ ಬದಲಾವಣೆಗಳು' ಎಂದು ಒಂದು ಕಲಮು. ಸುಳ್ಳು ಬರೆಯಲು ಸುಸ್ತಾಗಿ ನಿಜ ಬರೆದೆ. ತೂಕ ಮೂರು ಕಿಲೋ ಕಡಿಮೆಯಾಗಿದೆ, ಬಿಪಿ ಹತೋಟಿಗೆ ಬಂದಿದೆ, ದಿನಾ ನಡೆಯುವ ರೂಢಿಯಾಗಿದೆ, ಸಕ್ಕರೆಯ ಚಪಲ ಪೂರ್ತಿ ಹೋಗಿಲ್ಲ. ಯಾರದು ಎಂದು ಬರೆಯಲು ಆ ಕಲಮಿನಲ್ಲಿ ಜಾಗವಿರಲಿಲ್ಲ. ಸಭೆಯಲ್ಲಿ ಅದನ್ನು ಓದಿದ ಶಕುಂತಲಾಬಾಯಿ ಮರುಗಿದರು. "ಅಷ್ಟು ಸಣ್ಣ ಹುಡುಗಿಗೆ ಬಿಪಿ ಇತ್ತೇನ್ರಿ? ಪಾಪ! ಆದ್ರೂ ಡಾಕ್ಟರ್ರ, ಭಾಳ ಚಲೋ ನೋಡ್ಕೊಂಡೀರಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಥ ಮಾರ್ಗದರ್ಶಕರಿಗೆ ಇನ್ನೂ ಇಬ್ಬರನ್ನು ಒಪ್ಪಿಸಬೇಕೆಂದು ಅಲ್ಲೇ ಠರಾವಾಯಿತು. ಅಗರಖೇಡದ ಹುಡುಗಿಯೊಬ್ಬಳು ಹಲ್ಲಿನ ಡಾಕ್ಟರಾಗಬೇಕೆಂದಿದ್ದಾಳಂತೆ. ಇನ್ನೊಬ್ಬಳಿಗೆ ವ್ಯಾಯಾಮ ಶಿಕ್ಷಕಿಯಾಗುವ ಆಸೆಯಂತೆ. ಕೇಳಿದಾಗಿನಿಂದ ನನಗೆ ಮೈಕೈ ನೋವು ಶುರುವಾಗಿದೆ.