ಮ್ಯಾಕ್ರೋ ಕೇಳಿದ್ದೊಂದು, ನಾವು ಕೊಟ್ಟಿದ್ದೊಂದು

ಶಿರಾ ಗೇಟ್ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾನು ಎಂಟು ವರ್ಷ ಪಾಠ ಹೇಳಿದೆ. ಜೊತೆಗೆ ಸುತ್ತಮುತ್ತಲಿನವರಿಗೆ ಎಕ್ಸೆಲ್ಲಿನಲ್ಲಿ ಮ್ಯಾಕ್ರೋ ಬರೆದುಕೊಡುತ್ತಿದ್ದೆ. ಮ್ಯಾಕ್ರೋ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಬಟನ್ ಒತ್ತಿದರೆ ಪರದೆ ಮೇಲೆ ಒಂದು ಬಾಕ್ಸ್ ಬಂದು "ಹೆಸರು?", "ಎಷ್ಟು?" ಅಂತ ಕೇಳುತ್ತದೆ. ನಾವು ಕೊಡುವ ಉತ್ತರಕ್ಕೇ ಪ್ಯಾರಾಮೀಟರ್ ಅನ್ನುವುದು. ಅದನ್ನು ಇಟ್ಟುಕೊಂಡು ಮಿಕ್ಕ ಕೆಲಸ ತಾನೇ ಮುಗಿಸುತ್ತದೆ. ಕೊಟ್ಟದ್ದನ್ನೆಲ್ಲ ನಂಬುವುದೊಂದೇ ಅದರ ದೋಷ. ಹೀಗಾಗಿ ವಾರಕ್ಕೊಂದಾದರೂ ಅವಾಂತರ ತಪ್ಪುತ್ತಿರಲಿಲ್ಲ.

ಫ್ರಂ, ಟು

ಗುಬ್ಬಿಯ ಒಂದು ಹೈಸ್ಕೂಲಿಗೆ ಅಂಕಪಟ್ಟಿ ಪ್ರಿಂಟ್ ಮಾಡುವ ಮ್ಯಾಕ್ರೋ ಕೊಟ್ಟಿದ್ದೆ. ಯಾವ ರೋಲ್ ನಂಬರಿನಿಂದ ಯಾವುದರವರೆಗೆ ಬೇಕು ಅಂತ ಕೇಳಲು ಎರಡು ಬಾಕ್ಸ್: 'ಫ್ರಂ', 'ಟು'. ಮರುದಿನವೇ ಹೆಡ್‌ಮಾಸ್ಟರರ ಫೋನು.

"ಮೇಡಂ, ನಾಳೆ ಪೋಷಕರ ಸಭೆ. ಇದು ಒಂದು ಹಾಳೇನೂ ಕೊಡ್ತಿಲ್ಲ."

"ಫ್ರಂ ಅಂತ ಇರೋ ಕಡೆ ಏನು ಹಾಕಿದ್ರಿ ಸಾರ್?"

"ಹೆಡ್‌ಮಾಸ್ಟರ್."

"ಟು?"

"ಪೋಷಕರು."

ನಗು ನುಂಗಿಕೊಂಡು, ಒಂದರಿಂದ ನಲವತ್ತು ಅಂತ ಹಾಕಲು ಹೇಳಿದೆ. ಪ್ರಿಂಟರ್ ಕಿರ್ ಅನ್ನುವುದು ಫೋನಿನಲ್ಲೇ ಕೇಳಿಸಿತು. ಅವರು ಸಮಾಧಾನದಿಂದ ಅಂದರು: "ನಂಗೆ ಮೊದ್ಲೇ ಡೌಟ್ ಬಂತು ಕಣಮ್ಮ. ಫ್ರಂ ಕೇಳಿ, ಟು ಕೇಳಿ, ಸಬ್ಜೆಕ್ಟ್ ಯಾಕೆ ಕೇಳ್ಲಿಲ್ಲ ಅಂತ."

ಹಿಂದುಮುಂದು

ಪಕ್ಕದ ಬೀದಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿತ್ತು. ಅದರ ಯಜಮಾನರನ್ನು ಎಲ್ಲರೂ ಭಾಯ್ ಅನ್ನುತ್ತಿದ್ದೆವು. ಪತ್ರಿಕೆಯ ಒಕ್ಕಣೆ ಜೋಡಿಸಲು ಅವರಿಗೊಂದು ಮ್ಯಾಕ್ರೋ ಮಾಡಿಕೊಟ್ಟೆ. ಮೊದಲನೇ ಹೆಸರಿಗೆ ವರನ ಚಿ|| ರಾ||, ಎರಡನೇ ಹೆಸರಿಗೆ ವಧುವಿನ ಚಿ|| ಸೌ|| ತಾನಾಗಿಯೇ ಸೇರಿಕೊಳ್ಳುತ್ತಿತ್ತು. ಸೋಮಾರಿತನದಿಂದ ಬಾಕ್ಸಿನ ಮೇಲೆ ಬರೀ 'ಒಂದು', 'ಎರಡು' ಅಂತ ಬರೆದಿದ್ದೆ. ಹೆಣ್ಣಿನ ಕಡೆಯವರ ಚೀಟಿಯಲ್ಲಿ ಹುಡುಗಿಯ ಹೆಸರು ಮೊದಲಿತ್ತು. ಭಾಯ್ ಹಾಗೇ ಕೊಟ್ಟರು. ಐನೂರು ಪತ್ರಿಕೆ ಹಾಗೇ ಅಚ್ಚಾದವು.

ಎರಡೂ ಕಡೆಯವರು ಬಂದಾಗ ಭಾಯ್ ನನ್ನನ್ನೂ ಕರೆಸಿದರು. ಹುಡುಗನ ತಂದೆ ಪತ್ರಿಕೆ ಹಿಡಿದು ಕುಣಿಯುತ್ತಿದ್ದರು. "ಏನ್ರೀ ಇದು? ನನ್ ಮಗ ಸೌಭಾಗ್ಯವತಿ ಆಗವ್ನೆ! ನೆಂಟ್ರಿಗೆ ಹೆಂಗ್ರೀ ಮುಖ ತೋರ್ಸೋದು?"

ತಪ್ಪು ನನ್ನದು ಅಂದೆ. ಹೊಸದಾಗಿ ಹಾಕಿಕೊಡ್ತೀನಿ ಅಂತ ಭಾಯ್ ಕೈ ಮುಗಿದರು. ಹುಡುಗನ ತಂದೆಯ ಕೂಗು ನಿಲ್ಲಲಿಲ್ಲ. ಅಷ್ಟರಲ್ಲಿ ಅಲ್ಲಿಯವರೆಗೂ ತಲೆ ಬಗ್ಗಿಸಿ ನಿಂತಿದ್ದ ಮದುವೆ ಹುಡುಗಿ ಮೆಲ್ಲಗೆ ಕೇಳಿದಳು: "ಹಂಗಾದ್ರೆ ತಾಳಿ ನಾನೇ ಕಟ್ಲಾ, ಮಾವ?"

ಮಾವನ ಕೋಪ ಅಲ್ಲಿಗೇ ಮುಗಿಯಿತು.

ಒಪ್ಪದ ವಯಸ್ಸು

ಅಷ್ಟು ಹೊತ್ತಿಗೆ ನಾನೂ ಬುದ್ಧಿ ಕಲಿತಿದ್ದೆ. ಬಟವಾಡಿಯ ಒಂದು ಕ್ಲಿನಿಕ್ಕಿಗೆ ಬರೆದ ಮ್ಯಾಕ್ರೋದಲ್ಲಿ, ವಯಸ್ಸಿನ ಜಾಗಕ್ಕೆ ಅಂಕಿ ಬಿಟ್ಟು ಬೇರೇನು ಕೊಟ್ಟರೂ ಟೊಂಯ್ ಅಂತ ಸದ್ದು ಮಾಡಿ ತಿರಸ್ಕರಿಸುವ ಏರ್ಪಾಟು ಮಾಡಿದೆ. ಅದನ್ನು ತೋರಿಸುತ್ತಿದ್ದ ದಿನವೇ ಹುಲಿಯೂರುದುರ್ಗದ ಅಜ್ಜಿಯೊಬ್ಬರು ಬಂದರು.

"ವಯಸ್ಸೆಷ್ಟಜ್ಜಿ?" ಅಂದಳು ನರ್ಸು.

"ಅರವತ್ತೋ ಎಪ್ಪತ್ತೋ ಬರ್ಕೊ."

ನರ್ಸು ಹಾಗೇ ಟೈಪ್ ಮಾಡಿದಳು. ಟೊಂಯ್!

"ಕಂಪ್ಯೂಟರ್ ಒಪ್ತಾ ಇಲ್ಲ ಅಜ್ಜಿ."

"ಇಷ್ಟು ವರ್ಸ ಆಯ್ತು ಅಂತ ನಾನೇ ಒಪ್ಪಿಲ್ಲ, ಅದೆಂಗವ್ವ ಒಪ್ತದೆ?"

ಎರಡು ಸಾವಿರದ ಮೂರು

ಬೇರೆಯವರನ್ನು ಆಡಿಕೊಂಡು ನಕ್ಕ ನನ್ನ ಸರದಿಯೂ ಬಂತು. ಕುಣಿಗಲ್ಲಿನ ಒಂದು ಕಾಲೇಜಿನ ವಾರ್ಷಿಕೋತ್ಸವ. ಸಭಾಂಗಣದಲ್ಲಿ ಮುಖ್ಯ ಅತಿಥಿಗಳು ಒಂದೂವರೆ ಗಂಟೆಯಿಂದ ಮಾತಾಡುತ್ತಿದ್ದರು. ಅವರ ಭಾಷಣ ಮುಗಿಯುವುದರೊಳಗೆ ಇಪ್ಪತ್ತು ಪ್ರಶಸ್ತಿಪತ್ರ ಬೇಕು ಅಂತ ಪ್ರಿನ್ಸಿಪಾಲರು ನನ್ನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ್ದರು. ನಾನೇ ಬರೆದ ಮ್ಯಾಕ್ರೋ. ಮೊದಲು ಎಷ್ಟು ಪ್ರತಿ, ಆಮೇಲೆ ಯಾವ ಇಸವಿ. ಗಡಿಬಿಡಿಯಲ್ಲಿ ತಿರುವುಮುರುವು ಕೊಟ್ಟೆ. ಇಪ್ಪತ್ತನೇ ಇಸವಿಯ ಪ್ರಶಸ್ತಿಪತ್ರ, ಎರಡು ಸಾವಿರದ ಮೂರು ಪ್ರತಿ!

ಪ್ರಿಂಟರ್ ಕರ್ರ್ ಅಂತ ಶುರು ಮಾಡಿತು. ಇಪ್ಪತ್ತಾಯಿತು, ಮೂವತ್ತಾಯಿತು, ಒಂದಕ್ಕೊಂದು ಸೇರಿಕೊಂಡಿದ್ದ ಹಾಳೆ ಮಡಿಕೆ ಮಡಿಕೆಯಾಗಿ ಕಾಲಿಗೆ ಸುತ್ತಿಕೊಂಡಿತು. ಯಾವ ಕೀ ಒತ್ತಿದರೂ ನಿಲ್ಲದು. "ಆಫ್ ಮಾಡಿ!" ಅಂತ ಕಿರುಚಿದೆ. ನಾನು ಹೇಳಿದ್ದು ಪ್ರಿಂಟರನ್ನು. ಬಾಗಿಲಲ್ಲಿದ್ದ ಅಟೆಂಡರ್ ಗಾಬರಿಯಿಂದ ಕಾಲೇಜಿನ ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟರು.

ಪ್ರಿಂಟರ್ ನಿಂತಿತು. ಫ್ಯಾನ್ ನಿಂತಿತು. ಪಕ್ಕದಲ್ಲಿ ಮೈಕೂ ನಿಂತಿತು. ಸಭಾಂಗಣದಲ್ಲಿ ಹುಡುಗರ ಚಪ್ಪಾಳೆ ಶುರುವಾಗಿ ನಿಲ್ಲಲೇ ಇಲ್ಲ.

ಪ್ರಿನ್ಸಿಪಾಲರು ಓಡಿ ಬಂದರು. ನಾನು ಒಂದು ಹಾಳೆ ಎತ್ತಿ ತೋರಿಸಿದೆ.

"ತಪ್ಪಾಯ್ತು ಸಾರ್. ಹಾಳೆಯಲ್ಲಿ ಬರೀ 20 ಅಂತ ಬಂದಿದೆ. ಮುಂದೆ 03 ಅಂತ ಪೆನ್ನಲ್ಲಿ ಸೇರಿಸ್ತೀನಿ. ಕರೆಂಟ್ ಈಗ್ಲೇ ಹಾಕಿಸ್ತೀನಿ."

ಅವರು ಹಿಂದೆ ತಿರುಗಿ ಬಾಗಿಲು ಮುಚ್ಚಿದರು. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದರು:

"03 ಆಮೇಲೆ ಬರೀರಿ. ಮೊದ್ಲು ಆ ಸ್ವಿಚ್ ಹತ್ರ ನಿಂತ್ಕೊಳ್ಳಿ. ಅತಿಥಿಗಳನ್ನ ಕಾರ್ ಹತ್ತಿಸೋವರ್ಗೂ ಯಾರಿಗೂ ಮುಟ್ಟೋಕೆ ಬಿಡ್ಬೇಡಿ!"