ಟಿಕೆಟ್ ಇಲ್ಲದ ಮೂಲೆ

ಇದನ್ನು ಹೇಳಬೇಕೆಂದು ಎರಡು ಮಳೆಗಾಲದಿಂದ ಅಂದುಕೊಳ್ಳುತ್ತಿದ್ದೇನೆ. ಹೇಳಲು ಕೂತರೆ ಬಾಯಾರುತ್ತದೆ, ಇಲ್ಲವೇ ಕನ್ನಡಕ ಕಾಣೆಯಾಗುತ್ತದೆ. ಕೂರುವುದೇ ನನಗೆ ಕಷ್ಟ ನೋಡಿ. ಭಟ್ಕಳ-ಕುಮಟಾ ಬಸ್ಸಿನಲ್ಲಿ ಮೂವತ್ತು ವರ್ಷ ನಿಂತೇ ಕಂಡಕ್ಟರಿಕೆ ಮಾಡಿದವನು ನಾನು. ನಿವೃತ್ತನಾದ ಮೇಲೆ ರಕ್ತದೊತ್ತಡ ಏರಿತು. ಡಾಕ್ಟರು, "ದಿನಾ ಅರ್ಧ ಗಂಟೆ ಪಾರ್ಕಿನಲ್ಲಿ ಸುಮ್ಮನೆ ಕೂರಿ" ಎಂದರು. ಮಾತ್ರೆಯಾದರೆ ನುಂಗಬಹುದು, ಸುಮ್ಮನೆ ಕೂರುವುದು ಹೇಗೆ?

ಭಟ್ಕಳದ ನಮ್ಮ ಪಾರ್ಕಿನ ಮೂಲೆಯಲ್ಲಿ ಒಂದು ಹಳೆಯ ಹೊಂಗೆ, ಅದಕ್ಕೆ ಹಬ್ಬಿದ ಈಶ್ವರಬಳ್ಳಿ, ಕೇಪಳ, ಹೆಸರು ಗೊತ್ತಿಲ್ಲದ ಕಂಟಿಗಳು, ಎಲ್ಲ ಒಂದರ ಮೈಮೇಲೊಂದು ಬಿದ್ದು ಬೆಳೆದಿದ್ದವು. ನನ್ನ ಕಣ್ಣಿಗೆ ಅವೆಲ್ಲ ಟಿಕೆಟ್ ಇಲ್ಲದ ಪ್ರಯಾಣಿಕರು. ಪಾರ್ಕು ಗುಡಿಸುವ ಹೆಂಗಸು ಮಾತ್ರ ಆ ಮೂಲೆಗೆ ಕತ್ತಿ ತಾಗಿಸುತ್ತಿರಲಿಲ್ಲ. ಹಿಂದೆ ನನ್ನ ಬಸ್ಸಿನಲ್ಲೇ ಓಡಾಡಿದವಳು. ಆ ನೆರಳಿನ ಬೆಂಚಿನಿಂದ ನಾನು ಐದು ಸಲ ಎದ್ದೆದ್ದು ಕೂರುವುದನ್ನು ನೋಡಿ, "ಕಂಡಕ್ಟ್ರೇ, ಇಲ್ಲಿ ಯಾರೂ ಇಳೂದಿಲ್ಲ, ಹತ್ತೂದಿಲ್ಲ. ಕೂತ್ಕಣಿ" ಎನ್ನುತ್ತಿದ್ದಳು. ಒಂದು ದಿನ ಬಳ್ಳಿಯಿಂದ ಮುಳ್ಳುಮುಳ್ಳಾದ ಹುಳವೊಂದು ನನ್ನ ಹೊಸ ಅಂಗಿಯ ಮೇಲೆ ಬಿತ್ತು. ನಾನು ಕುಣಿದ ಕುಣಿತಕ್ಕೆ ವಾಕಿಂಗಿನವರೆಲ್ಲ ನಿಂತರು. ಅವಳು ಹುಳವನ್ನು ಎಲೆಯಲ್ಲಿ ಎತ್ತಿಕೊಂಡು, "ಎಂತ ಆತು? ಚಿಟ್ಟೆ ಆಗೂ ಮರಿ ಇದು. ನಿಮ್ಮ ಹತ್ರ ಅರ್ಧ ಟಿಕೆಟ್ ಕೇಳೂಕೆ ಬಂದದೆ" ಅಂದಳು. ಎಲ್ಲರೂ ನಕ್ಕರು.

ಆ ನಗು ನನ್ನ ಜೊತೆ ಮನೆಗೂ ಬಂತು. ನಿಂತೇ ಪುರಸಭೆಗೆ ಎರಡು ಪುಟ ಅರ್ಜಿ ಬರೆದೆ: ಗುಡಿಸುವವಳು ಸೋಮಾರಿ, ಮೂಲೆಯಲ್ಲಿ ಹಾವಿದೆ. ಹಾವನ್ನು ನಾನು ಕಂಡಿರಲಿಲ್ಲ. ವಾರದೊಳಗೆ ಯಂತ್ರ ಬಂದು ಮೂಲೆ ಬೋಳಾಯಿತು. ಹುಲ್ಲುಹಾಸು ಬಂತು, ಅದರ ಮೇಲೆ 'ತುಳಿಯಬೇಡಿ' ಎಂಬ ಫಲಕ ಬಂತು. ಅವಳನ್ನು ಕೆಲಸದಿಂದ ತೆಗೆದರು.

ಈಗ ಬೆಂಚು ದೋಸೆ ಕಾವಲಿಯಂತೆ ಕಾಯುತ್ತದೆ. ಆ ಬಳ್ಳಿಗೆ ಬರುತ್ತಿದ್ದ ಕರಿ-ಹಳದಿ ದೊಡ್ಡ ಚಿಟ್ಟೆಗಳಿಲ್ಲ. ಬೆಳಗ್ಗೆ ಸಿಳ್ಳೆ ಹಾಕುತ್ತಿದ್ದ ಮಡಿವಾಳ ಹಕ್ಕಿಯಿಲ್ಲ. ಅದನ್ನು ಕೇಳುತ್ತ ಕೆಲವು ದಿನ ಹತ್ತು ನಿಮಿಷ ಅಲುಗದೆ ಕೂತಿದ್ದೆ ಎಂಬುದು ಆಮೇಲೆ ನೆನಪಾಯಿತು. ವಾಕಿಂಗಿನವರೂ ಎರಡೇ ಸುತ್ತಿಗೆ ಮನೆ ಸೇರುತ್ತಾರೆ. ನನ್ನ ಒತ್ತಡ ಮತ್ತೆ ಏರಿತು. "ಪಾರ್ಕಿಗೆ ಹೋಗ್ತಾ ಇಲ್ವಾ?" ಎಂದು ಡಾಕ್ಟರು ಗದರಿದರು.

ಅವಳ ಮನೆ ಹೆಬಳೆಯಲ್ಲಿ. ತಪ್ಪಾಯಿತು ಎನ್ನಲು ಮೂರು ಸಲ ಬಸ್ಸು ಹತ್ತಿದ್ದೇನೆ. ಮೊನ್ನೆ ಕಂಡಕ್ಟರ್, "ಯಾರ್ರೀ ಹೆಬಳೆ? ಇಳೀರಿ, ಬೇಗ!" ಎಂದು ಕೂಗಿದ. ಕಿಟಕಿಯಿಂದ ಅವಳು ಕಂಡಳು. ಬೇಲಿಗೆ ಈಶ್ವರಬಳ್ಳಿ ಹಬ್ಬಿಸುತ್ತಿದ್ದಳು. ಊರಿನವರನ್ನೆಲ್ಲ ಅವರವರ ಸ್ಟಾಪಿನಲ್ಲಿ ಇಳಿಸಿದ ನಾನು ಎದುರಿನ ಸೀಟಿನ ಸರಳು ಹಿಡಿದು ಕೊನೆಯ ಸ್ಟಾಪಿನವರೆಗೂ ಅಲುಗದೆ ಕೂತೆ. ಡಾಕ್ಟರು ಹೇಳಿದ ಅರ್ಧ ಗಂಟೆ ಅವತ್ತೇ ಮೊದಲ ಸಲ ಪೂರ್ತಿಯಾದದ್ದು. ಅರ್ಜಿಯಲ್ಲಿ ನಾನು ಅವಳ ಹೆಸರನ್ನೂ ಬರೆದಿರಲಿಲ್ಲ. ಇಲ್ಲಾದರೂ ಬರೆಯುತ್ತೇನೆ: ಮಾಸ್ತಮ್ಮ.