ಬೋಟ್ಸ್ವಾನಾದಲ್ಲಿ ಪಟ್ಟದ ಗೊಂಬೆ

ಸಿಟ್ಟು ಮಾಡಿಕೊಳ್ಳುವುದಕ್ಕೆ ಅಮೆರಿಕ ತಕ್ಕ ಜಾಗವಲ್ಲ. ಮೈಸೂರಿನಲ್ಲಿ ನಮ್ಮಮ್ಮ ಸಿಟ್ಟು ಬಂದಾಗ ಪಾತ್ರೆ ಕುಕ್ಕುತ್ತಿದ್ದಳು. ಯಾರ ಮೇಲೆ, ಯಾಕೆ, ಎಷ್ಟು ಅನ್ನುವುದೆಲ್ಲ ಆ ಸದ್ದಿನಲ್ಲೇ ಮನೆಮಂದಿಗೆ ತಿಳಿಯುತ್ತಿತ್ತು. ಬೆರ್ರಿಯೆಸಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ಕುಕ್ಕಿದರೆ ಕೆಳಗಿನ ಮನೆಯವರು ಬಂದು, "ಎವೆರಿಥಿಂಗ್ ಓಕೆ?" ಎಂದು ನಗುತ್ತಾ ವಿಚಾರಿಸುತ್ತಾರೆ. ಒಗ್ಗರಣೆ ಸ್ವಲ್ಪ ಜೋರಾದರೆ ನನಗಿಂತ ಮೊದಲು ಫೈರ್ ಅಲಾರಮ್ಮು ಕಿರುಚುತ್ತದೆ. ಹೀಗಾಗಿ ನನ್ನ ಸಿಟ್ಟನ್ನೆಲ್ಲ ನಾನು ಬಾಯಲ್ಲೇ ಆಡಿ ಮುಗಿಸಬೇಕು. ಆಡುತ್ತೇನೆ. ಈ ಸಲದ ನವರಾತ್ರಿಯಲ್ಲಂತೂ ಆಡಿ ಆಡಿ ಗಂಟಲು ಕಟ್ಟಿತು. ಅದಕ್ಕೆ ಕಾರಣ ಬೋಟ್ಸ್ವಾನಾ.

ಮಗಳು ಅನಘಳಿಗೆ ಶಾಲೆಯಲ್ಲಿ ಒಂದು ದೇಶದ ಮೇಲೆ ಪ್ರಾಜೆಕ್ಟು ಕೊಟ್ಟಿದ್ದರು. ಆ ದೇಶದ ನೆಲ, ಜನ, ಸರ್ಕಾರ, ಸಂಪಾದನೆ ಎಲ್ಲ ಹೇಳಬೇಕಂತೆ. ಅವಳು ಬೋಟ್ಸ್ವಾನಾ ಆರಿಸಿಕೊಂಡಳು, ಏಕೆಂದರೆ ಅವಳ ಗೆಳತಿ ನಲೇದಿಯ ಅಮ್ಮ ಆ ದೇಶದವಳು. ನಾವು ಎಮರಿವಿಲ್‌ನಿಂದ ಇಲ್ಲಿಗೆ ಬಂದ ಮೇಲೆ ಅನಘಳಿಗೆ ಸಿಕ್ಕ ಗೆಳತಿ ಅವಳೊಬ್ಬಳೇ. ಕ್ಲಾಸಿನಲ್ಲಿ ಯಾರೋ ನಲೇದಿಯನ್ನು, ನಿಮ್ಮಜ್ಜಿ ಮನೆ ಹಿತ್ತಲಿಗೆ ಸಿಂಹ ಬರುತ್ತಾ ಎಂದು ಕೇಳಿ, ಎಲ್ಲರೂ ನಕ್ಕು, ಅವಳು ಊಟ ಬಿಟ್ಟು ಅತ್ತಿದ್ದಳಂತೆ. ಅದಾದ ಮೇಲೆ ನಮ್ಮವಳು ಮನೆಗೆ ಬಂದು ಘೋಷಿಸಿಬಿಟ್ಟಳು: "ಅಮ್ಮಾ, ದಿಸ್ ಇಯರ್ ಗೊಂಬೆ ಥೀಮ್ ಬೋಟ್ಸ್ವಾನಾ. ನಲೇದಿ ಅಂಡ್ ಹರ್ ಮಾಮ್ ಆರ್ ಕಮಿಂಗ್. ಶಿ ಶುಡ್ ನಾಟ್ ಕ್ರೈ ಅಗೇನ್. ಸೋ, ನೋ ಲಯನ್ಸ್!"

ನನಗೆ ಮೈಯೆಲ್ಲ ಉರಿದುಹೋಯಿತು. ದಸರಾ ನಮ್ಮದು, ಗೊಂಬೆ ನಮ್ಮಮ್ಮ ಕೊಟ್ಟದ್ದು, ಜಂಬೂಸವಾರಿ ಮಾಡೋಣವೆಂದು ನಾನು ಬೇಸಿಗೆಯಿಂದ ಪುಟ್ಟ ಪುಟ್ಟ ಪೇಟ ಹೊಲಿದು ಇಟ್ಟುಕೊಂಡಿದ್ದೇನೆ, ಇವಳು ನೋಡಿದರೆ ಬೋಟ್ಸ್ವಾನಾ! "ಬಿಡೇ, ಮಾಡ್ಲಿ ಮಗು" ಅಂದರು ಇವರು. ಇವರು ಅಂದರೆ ನನ್ನ ಗಂಡ, ಮಂಡ್ಯದವರು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಕೆಲಸ. ಜಗತ್ತಿನಲ್ಲಿ ಅವರಿಗೆ ಸಿಟ್ಟು ಬರುವುದು ನದಿನೀರಿನ ವಿಷಯಕ್ಕೆ ಮಾತ್ರ. ಮಗಳ ಪ್ರಾಜೆಕ್ಟಿನಲ್ಲಿ ಒಕವಾಂಗೋ ಎಂಬ ನದಿಯ ಸುದ್ದಿ ಓದಿದವರೇ ಸೋಫಾದಿಂದ ಎದ್ದು ನಿಂತರು. "ಸಮುದ್ರಕ್ಕೇ ಹೋಗಲ್ವಂತೆ ಕಣೇ! ಮರಳಲ್ಲಿ ಹರಡ್ಕೊಂಡು ಅಲ್ಲೇ ಇಂಗೋಗುತ್ತಂತೆ. ಕೆಳಗಡೆ ನೀರು ಕೇಳೋರೇ ಇಲ್ಲ ಅನ್ನು! ಎಂಥ ಪುಣ್ಯವಂತರಪ್ಪಾ!" ಮಾರನೆಯ ದಿನ ಮುಖ ಸಪ್ಪಗಾಗಿತ್ತು. ನದಿ ಹುಟ್ಟುವುದು ಅಂಗೋಲಾದಲ್ಲಂತೆ, ಕೆಳಗಿನವರು ಅಂದರೆ ಬೋಟ್ಸ್ವಾನಾದವರೇ ಅಂತೆ. ಅಂದಿನಿಂದ ಕೆಳಗಿನವರ ಕಷ್ಟ ಏನು ಅನ್ನುವುದರ ಬಗ್ಗೆ ಮಂಡ್ಯದ ಮನುಷ್ಯ ನನಗೆ ಭಾಷಣ ಮಾಡತೊಡಗಿದರು. ಊರಿನಲ್ಲಿ ಮಾಡಿದ್ದರೆ ಮನೆಯೊಳಗೆ ಸೇರಿಸುತ್ತಿರಲಿಲ್ಲ.

ಬಾಯಿಯಲ್ಲಿ ಬಯ್ಯುತ್ತಾ ಕೈಯಲ್ಲಿ ಮಾಡುವುದು ನನ್ನ ಸ್ವಭಾವ. ಕಲಹಾರಿ ಮರುಭೂಮಿಗೆ ಹುರಿದ ರವೆ ಸುರಿದೆ. ನದಿ ಹರಡುವ ಜಾಗಕ್ಕೆ ಟ್ರೇನಲ್ಲಿ ರಾಗಿ ಮೊಳಕೆ ಬೆಳೆಸಿದೆ. ಅವರಿಗೆ ದನಕರು ಅಂದರೆ ಪ್ರಾಣವಂತೆ; ಮಣ್ಣಿನ ಹಸುಗಳನ್ನೆಲ್ಲ ಇಳಿಸಿದೆ. ದೇಶದ ಸಂಪತ್ತು ವಜ್ರವೆಂದು ತಿಳಿದಾಗ ನಮ್ಮ ದಿನಸಿ ಅಂಗಡಿಯ ಶೆಟ್ಟಿ ಶೆಟ್ಟಮ್ಮ ಗೊಂಬೆಗಳ ಮುಂದಿನ ಅಕ್ಕಿ ಬೇಳೆ ತೆಗೆದು ಕಲ್ಲುಸಕ್ಕರೆ ರಾಶಿ ಹಾಕಿದೆ. ಶೆಟ್ಟರ ಮುಖದಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ಅವರ ದುಡ್ಡಿನ ಹೆಸರು ಪುಲ, ಹಾಗೆಂದರೆ ಮಳೆ ಎಂದು ಅನಘ ಹೇಳಿದಳು. ದುಡ್ಡಿಗೆ ಮಳೆ ಎಂದು ಹೆಸರಿಟ್ಟ ಜನರ ಮೇಲೆ ಹೇಗೆ ತಾನೇ ರೇಗುವುದು!

ರೇಗುವುದಕ್ಕೆ ಬೇರೆ ಕಾರಣ ಸಿಕ್ಕಿತು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ ಕೂರಿಸಲು ಹೋದರೆ ಅನಘ ಅಡ್ಡ ನಿಂತಳು. "ದೇ ಹ್ಯಾವ್ ಎ ಪ್ರೆಸಿಡೆಂಟ್, ಅಮ್ಮಾ! ಎಲೆಕ್ಷನ್ಸ್! ನೋ ಕಿಂಗ್!"

"ಪ್ರೆಸಿಡೆಂಟು ಇರ್ಲಿ, ಅವರಪ್ಪ ಇರ್ಲಿ! ನನ್ನ ಮದುವೇಲಿ ಅಮ್ಮ ಕೊಟ್ಟ ರಾಜ ರಾಣಿ ಕಣೇ ಇದು. ಮೇಲೆ ಕೂತ್ಕೊಳ್ಳೋದು ಇವರೇ. ಇಲ್ದಿದ್ರೆ ಗೊಂಬೇನೇ ಇಲ್ಲ, ಎಲ್ಲಾ ಡಬ್ಬಕ್ಕೆ ತುಂಬ್ತೀನಿ!"

"ದೆನ್ ನಲೇದಿ ವಿಲ್ ಥಿಂಕ್ ಐ ಡಿಡ್ ನಾಟ್ ಈವನ್ ಕೇರ್!" ಎನ್ನುವಾಗ ಅವಳ ಕಣ್ಣು ತುಂಬಿತು. ಆದರೂ ನಾನು ಸೋಲಲಿಲ್ಲ. ರಾಜ ರಾಣಿ ಮೇಲೇ ಕೂತರು.

ನಲೇದಿಯೂ ಅವಳ ಅಮ್ಮನೂ ಬರಬೇಕಾದ ಸಂಜೆ, ಅವರಿಗಿಂತ ಮೊದಲು ಬಂದವರು ಇಲ್ಲೇ ಹತ್ತಿರದಲ್ಲಿರುವ, ಹಾಸನದ ಕಡೆಯ ಶೈಲಕ್ಕ. ಬಂದವರೇ ಗೊಂಬೆ ನೋಡಿ, "ಓ, ಆಫ್ರಿಕಾ ಥೀಮಾ? ಸಿಂಹಾನೇ ಇಲ್ವಲ್ರೀ! ಪಾಪ, ಅಲ್ಲಿ ರೋಡು ಗೀಡು ಎಲ್ಲಾ ಇದ್ಯಾ?" ಅಂದರು. ಸಿಟ್ಟು ನೆತ್ತಿಗೇರಿತು. ಆಫೀಸಿನಲ್ಲಿ ಒಬ್ಬ ನನ್ನನ್ನು, ನೀನು ಶಾಲೆಗೆ ಆನೆ ಮೇಲೆ ಹೋಗುತ್ತಿದ್ದೆಯಾ ಎಂದು ಕೇಳಿದ್ದು ನೆನಪಾಯಿತು. "ರೋಡಿಲ್ದೆ ಏನ್ರೀ? ಆಫ್ರಿಕಾ ಅಂದ್ರೆ ಒಂದೂರಾ? ನಿಮ್ಮ ಹಾಸನದಲ್ಲಿರೋ ಗುಂಡಿ ಅಲ್ಲಿಲ್ಲ!" ಎಂದು ಕೂಗಾಡುತ್ತಿದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ನಲೇದಿಯೂ ಅವಳ ಅಮ್ಮನೂ ನಿಂತಿದ್ದರು.

ನಲೇದಿಯ ಅಮ್ಮ ಒಂದೊಂದೇ ಮೆಟ್ಟಿಲು ನೋಡುತ್ತಾ ಹೋದಳು. ಮೊಳಕೆಯನ್ನು ಬೆರಳಲ್ಲಿ ಮುಟ್ಟಿದಳು. ಹಸುಗಳನ್ನು ನೋಡಿ, ನಮ್ಮಪ್ಪನ ದನಗಳು ಹೀಗೇ ಇದ್ದವು ಅಂದಳು. ಮೇಲಿನ ಮೆಟ್ಟಿಲಿಗೆ ಬಂದಾಗ, ಇವರಿಬ್ಬರು ಯಾರು ಎಂದು ಕೇಳಿದಳು. ಅನಘ ನೆಲ ನೋಡಿದಳು. ಉತ್ತರ ಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ ನಲೇದಿ, "ಚೀಫ್ಸ್!" ಅಂದಳು.

ತಾಯಿ ನಕ್ಕಳು. ಹೌದು, ನಮ್ಮಲ್ಲೂ ಇದ್ದಾರೆ, ಪಾರ್ಲಿಮೆಂಟಿಗೆ ಬುದ್ಧಿ ಹೇಳುವುದಕ್ಕೆ ಅವರದೇ ಒಂದು ಸಭೆಯೂ ಇದೆ, ಆದರೆ ಕೇಳಲೇಬೇಕೆಂದೇನಿಲ್ಲ ಅಂದಳು. ಊರಿನಲ್ಲಿ ಮುಖಂಡ ಹೀಗೆ ಮೇಲೆ ಕೂರುವುದಿಲ್ಲವಂತೆ. ಖೋಟ್ಲಾ ಎಂಬ ಊರಸಭೆಯಲ್ಲಿ ಜನರ ನಡುವೆ ಕೂತು, ಎಲ್ಲರ ಮಾತನ್ನೂ ಪೂರ್ತಿ ಕೇಳಿ, ತಾನು ಕೊನೆಯಲ್ಲಿ ಮಾತಾಡುತ್ತಾನಂತೆ. ಇವರನ್ನು ಕೆಳಗೆ ಕೂರಿಸೋಣವೇ ಎಂದು ಕೇಳಿದಳು.

ನನ್ನಮ್ಮನ ಪಟ್ಟದ ಗೊಂಬೆ! ನಾನು, "ನೋಡಿ..." ಅಂದೆ.

"ಅಮ್ಮಾ," ಅಂದಳು ಅನಘ, ಈ ಸಲ ಅಚ್ಚ ಕನ್ನಡದಲ್ಲಿ, "ರಾಣಿ ಕೊನೇಲಿ ಮಾತಾಡ್ಬೇಕು."

ಶೈಲಕ್ಕ ಮಾತಾಡಿದರು. ಇವರು ಒಕವಾಂಗೋ ಬಗ್ಗೆ ಮಾತಾಡಿದರು, ಬಹಳ ಹೊತ್ತು. ಮಕ್ಕಳಿಬ್ಬರೂ ಮಾತಾಡುತ್ತಾ ನಗುತ್ತಾ ರಾಜ ರಾಣಿಯನ್ನು ಇಳಿಸಿ ಹಸುಗಳ ನಡುವೆ ಕೂರಿಸಿ, ಮಿಕ್ಕ ಗೊಂಬೆಗಳನ್ನು ಸುತ್ತ ಜೋಡಿಸಿದರು. ಕಡಲೆ ಉಸಲಿ ಖಾಲಿಯಾಯಿತು. ಕೊನೆಗೆ ಎಲ್ಲರೂ ಸುಮ್ಮನಾಗಿ ನನ್ನ ಕಡೆ ತಿರುಗಿದಾಗ, ಹೇಳಬೇಕೆಂದಿದ್ದ ಒಂದು ಮಾತಿಗೂ ಜಾಗ ಉಳಿದಿರಲಿಲ್ಲ. "ಅರಿಶಿನ ಕುಂಕುಮ ತಗೊಳ್ಳಿ" ಅಂದೆ.

ಆವತ್ತಿನಿಂದ ನಮ್ಮ ಮನೆಯಲ್ಲಿ ಇದೇ ಪದ್ಧತಿಯಾಗಿದೆ. ನಾನು ಬಾಯಿ ತೆರೆದರೆ ಸಾಕು, ಅಪ್ಪ ಮಗಳು ಒಟ್ಟಿಗೆ, "ರಾಣಿಯವರು ಕೊನೆಗೆ" ಅನ್ನುತ್ತಾರೆ. ಅವರ ಮಾತೆಲ್ಲ ಮುಗಿದು ನನ್ನ ಸರದಿ ಬರುವಷ್ಟರಲ್ಲಿ ನನ್ನ ಸಿಟ್ಟು ಇಳಿದುಹೋಗಿರುತ್ತದೆ. ಈಗ ನನಗೆ ಸಿಟ್ಟಿರುವುದು ಅದೊಂದಕ್ಕೇ. ಅದನ್ನು ಹೇಳಬೇಕೆಂದು ಕಾಯುತ್ತಿದ್ದೇನೆ. ಇನ್ನೂ ನನ್ನ ಸರದಿ ಬಂದಿಲ್ಲ.